ಗಿರಿಜಕ್ಕ ಕಾದ ಪಾಳಿ

ನನ್ನ ಕಾಯಿಲೆಗೆ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ. "ಸುಮಿತ್ರೆಗೆ ಅದಂತೆ" ಎಂದರೆ ಮುಗಿಯಿತು. ಯಾರಾದರೂ "ಯಾವುದು?" ಎಂದು ಕೇಳಿಬಿಟ್ಟರೆ ಹೇಳುವವರು ನೆಲ ನೋಡಿಕೊಂಡು "ಅದೇ, ಹೆಂಗಸರದ್ದು" ಅನ್ನುತ್ತಿದ್ದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ನಾನೇ ಬಾಯಿಬಿಟ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಈಗ ಹೇಳುತ್ತೇನೆ. ಮುಖ ತಿರುಗಿಸುವವರು ತಿರುಗಿಸಿಕೊಳ್ಳಲಿ, ಎಂಬತ್ತರ ಹತ್ತಿರ ಬಂದ ಮುದುಕಿಗೆ ಇನ್ನು ಯಾರ ಹಂಗು?

ನಾನು ಗಟ್ಟಿಗಿತ್ತಿ, ಹೋರಾಡಿ ಗೆದ್ದೆ ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಗೆದ್ದದ್ದೂ ಇಲ್ಲ, ಮಣ್ಣೂ ಇಲ್ಲ. ಹೆದರಿ ನಡುಗುತ್ತಲೇ ಬದುಕಿದೆ. ನನ್ನ ವಾರಗಿತ್ತಿ ಗಿರಿಜಕ್ಕ, ಅಂದರೆ ನಮ್ಮ ಭಾವನ ಹೆಂಡತಿ, ನನ್ನನ್ನು ನೋಡಿಕೊಳ್ಳಲೆಂದು ಆಸ್ಪತ್ರೆಗೆ ಜೊತೆಯಲ್ಲಿ ಬಂದವಳು. ನಾನು ಉಳಿದೆ, ಅವಳು ಹೋದಳು. ನನ್ನ ಕಾಯಿಲೆಯ ಕಥೆ ಹೇಳಹೊರಟರೆ ಅವಳದ್ದನ್ನು ಬಿಟ್ಟು ಹೇಳಲು ಬರುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಕೇರಿಯಲ್ಲಿ ನಮ್ಮ ಮನೆ. ಭಾವ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ರೈಟರು, ನಮ್ಮನೆಯವರು ಬಸ್ಸಿನ ಏಜೆಂಟರು. ಇಬ್ಬರೂ ಬೆಳಿಗ್ಗೆ ಇಸ್ತ್ರಿ ಷರಟು ಹಾಕಿಕೊಂಡು ಹೊರಡುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಮಾತ್ರ ಒಳಗಿನ ಒಲೆಯಿಂದ. ಹೈಸ್ಕೂಲಿನ ಮೇಷ್ಟ್ರುಗಳು, ಬ್ಯಾಂಕಿನ ಹುಡುಗರು, ತಾಲ್ಲೂಕು ಕಚೇರಿಯ ಮದುವೆಯಾಗದ ಗುಮಾಸ್ತರು ಎರಡು ಹೊತ್ತೂ ನಮ್ಮಲ್ಲಿ ಊಟಕ್ಕೆ ಬರುತ್ತಿದ್ದರು. ಅಡುಗೆ ಮಾಡುವವರು ಗಿರಿಜಕ್ಕ ಮತ್ತು ನಾನು, ಇಬ್ಬರೇ.

ನಮ್ಮತ್ತೆ ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಕಂಡವರ ಮನೆಯ ಅಡುಗೆ ಮಾಡಿ ಇಬ್ಬರು ಗಂಡುಮಕ್ಕಳನ್ನು ಸಾಕಿದವರು. "ನನ್ನ ಮಕ್ಕಳು ಸೌಟು ಹಿಡಿಯೋದು ಬೇಡ, ನಾನು ಹಿಡಿದದ್ದೇ ಸಾಕು" ಎಂಬುದು ಅವರ ಹಟ. ಅವರು ತೀರಿಕೊಂಡ ಮೇಲೂ ಆ ಹಟ ಮನೆಯಲ್ಲೇ ಉಳಿಯಿತು. ಗಂಡಸರು ನೀರು ಕುಡಿಯಲೂ ಅಡುಗೆಮನೆಯ ಹೊಸ್ತಿಲ ಆಚೆ ನಿಂತು ಚೊಂಬಿಗೆ ಕೈ ಚಾಚುತ್ತಿದ್ದರು.

ಹೊರಗಾದವಳು ಮೂರು ದಿನ ಹಿತ್ತಿಲ ಕಡೆಯ ಸೌದೆ ಕೋಣೆಯಲ್ಲಿ ಇರಬೇಕು, ಏನನ್ನೂ ಮುಟ್ಟಬಾರದು. ಒಬ್ಬಳು ಹೊರಗೆ ಕೂತರೆ ಇನ್ನೊಬ್ಬಳು ಒಳಗೆ. ಆದರೆ ಇಬ್ಬರಿಗೂ ಒಟ್ಟಿಗೇ ಬಂದರೆ? ಊಟಕ್ಕೆ ಎಲೆ ಹಾಕಿಕೊಂಡು ಕೂತವರಿಗೆ ಬಡಿಸುವವರು ಯಾರು? ಅದಕ್ಕೆ ಗಿರಿಜಕ್ಕ ಒಂದು ಉಪಾಯ ಮಾಡಿದ್ದಳು. ಮೊದಲು ಬಾಯಿಬಿಟ್ಟವಳು ಹೊರಗೆ. ಇನ್ನೊಬ್ಬಳು ಬಾಯಿ ಮುಚ್ಚಿಕೊಂಡು ತಣ್ಣೀರು ಸ್ನಾನ ಮಾಡಿ ಅಡುಗೆ ಮಾಡುವುದು. ಹೊರಗಿದ್ದವಳು ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ಮೇಲೆ, ಈ ಬಾಯಿ ಮುಚ್ಚಿಕೊಂಡವಳು "ನಾನು ಹೊರಗೆ" ಎಂದು ಹೇಳಿ ಹೋಗಿ ಕೂರುವುದು. ಅಷ್ಟರಲ್ಲಿ ಅವಳದ್ದು ಮುಗಿದಿರುತ್ತಿತ್ತು. ಆದರೂ ಪಾಳಿ ಪಾಳಿಯೇ.

"ಪಾಪ ಬರ್ತದೆ ಅಕ್ಕ" ಎಂದು ಮೊದಮೊದಲು ನಾನು ಹೆದರುತ್ತಿದ್ದೆ.

"ದೇವರಿಗೂ ಹೊತ್ತಿಗೆ ಸರಿಯಾಗಿ ನೈವೇದ್ಯ ಬೇಡ್ವೇನೆ ಮಾರಾಯ್ತಿ? ಅವನೆಂತ ಉಪವಾಸ ಕೂರ್ತಾನಾ?" ಎಂದು ಅವಳು ನಗುತ್ತಿದ್ದಳು. ಹಾಗೆಯೇ ಎಷ್ಟೋ ವರ್ಷ ನಡೆಯಿತು. ನಾವಿಬ್ಬರೂ ಅಕ್ಕತಂಗಿಯರಿಗಿಂತ ಹೆಚ್ಚಾಗಿದ್ದದ್ದು ಆ ಕಳ್ಳ ಲೆಕ್ಕದಿಂದಲೇ.

ನನಗೆ ಮೂವತ್ತೆಂಟಾದಾಗ ತಿಂಗಳ ನಡುವೆ ರಕ್ತ ಕಾಣಿಸಲು ಶುರುವಾಯಿತು. ಮೊದಲು ಕಂಡದ್ದು ನಮ್ಮನೆಯವರ ಜೊತೆ ಸೇರಿದ ಮೇಲೆ. ಅದನ್ನು ಯಾರ ಹತ್ತಿರ ಹೇಳುವುದು? ಆಮೇಲೆ ಬಿಳಿ ಹೋಗುವುದು, ಕೆಟ್ಟ ವಾಸನೆ. ನನ್ನ ಮೈಯ ವಾಸನೆ ನನಗೇ ಹೇಸಿಗೆ. ಕಲೆ ಕಂಡಾಗಲೆಲ್ಲ ಹೋಗಿ ಸೌದೆ ಕೋಣೆಯಲ್ಲಿ ಕೂತೆ. ತಲೆಗೆ ಹಾಕಿಕೊಂಡು ಒಳಗೆ ಬರುವುದು, ಮತ್ತೆ ನಾಲ್ಕು ದಿನಕ್ಕೆ ಹೊರಗೆ.

"ಎಂತದು ಇದು? ಸೌದೆ ಕೋಣೇಲೇ ಸಂಸಾರ ಹೂಡೋದಾ?" ಎಂದು ನಮ್ಮನೆಯವರು ಗೊಣಗಿದರು. ಅವರು ಕೆಟ್ಟವರಲ್ಲ. ಆದರೆ ಹೆಂಡತಿಯ ಮೈಯ ಒಳಗಿನ ಸುದ್ದಿ ಎಂದರೆ ಓಡಿಹೋಗುವ ಜಾತಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ನಿಜ. ಡಾಕ್ಟರು ಗಂಡಸು. ನಾನು ಸ್ಟೂಲಿನ ಮೇಲೆ ತಲೆತಗ್ಗಿಸಿ ಕೂತೆ. "ಇವಳಿಗೆ ಸ್ವಲ್ಪ ವೀಕ್ನೆಸ್ಸು" ಎಂದು ನಮ್ಮನೆಯವರೇ ಹೇಳಿದರು. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ ರಕ್ತ ಹೆಚ್ಚುವ ಟಾನಿಕ್ ಬರೆದುಕೊಟ್ಟರು. ಹೋಗುತ್ತಿದ್ದದ್ದು ರಕ್ತವೇ ಎಂದು ನಾನೂ ಹೇಳಲಿಲ್ಲ, ಅವರಾದರೂ ಹೇಗೆ ತಿಳಿದುಕೊಳ್ಳಬೇಕು?

ಟಾನಿಕ್ ಖಾಲಿಯಾಯಿತು, ರಕ್ತ ನಿಲ್ಲಲಿಲ್ಲ. ಭಾವ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು. ಮೈಲಿಗೆಯಲ್ಲಿ ಏನೋ ಮುಟ್ಟಿದ್ದಾಳೆ, ನಾಗನಿಗೆ ತಾಗಿದೆ ಎಂದು ಬಂತು. ಅದನ್ನು ಕೇಳಿದ್ದೇ ಗಿರಿಜಕ್ಕನ ಮುಖ ಬಿಳಿಚಿಕೊಂಡಿತು. ನನ್ನದೂ ಅಷ್ಟೆ. ಮೈಲಿಗೆಯಲ್ಲಿ ನಾವು ಮುಟ್ಟದೆ ಇದ್ದದ್ದು ಯಾವುದಿತ್ತು? ಶೃಂಗೇರಿಯಲ್ಲಿ ಶಾಂತಿ ಮಾಡಿಸಿದೆವು, ನಾನು ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಬಂದೆ. ಅದರಲ್ಲಿ ಎರಡು ಮೂರು ತಿಂಗಳು ಹೋಯಿತು. ಆ ತಿಂಗಳುಗಳನ್ನು ನೆನೆದರೆ ಈಗಲೂ ನನಗೆ ಸಿಟ್ಟು ಉಕ್ಕುತ್ತದೆ.

ಮನೆಯ ಕೆಲಸವೆಲ್ಲ ಗಿರಿಜಕ್ಕನ ಮೇಲೆ ಬಿತ್ತು. ಅವಳು ಇಳಿದುಹೋದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು ರುಬ್ಬುತ್ತಿದ್ದಳು. "ನನ್ನಿಂದ ನಿಂಗೆಷ್ಟು ಕಷ್ಟ ಅಕ್ಕ" ಎಂದರೆ "ಸುಮ್ನಿರೆ, ನೀನು ಹುಷಾರಾಗಿ ಒಳಗೆ ಬಾ, ಆಮೇಲೆ ನಾನು ಕಾಲು ಚಾಚಿಕೊಂಡು ಮಲಗ್ತೀನಿ" ಅನ್ನುತ್ತಿದ್ದಳು. ದುಡಿತದ ಸುಸ್ತು ಎಂದುಕೊಂಡೆ.

ನನ್ನ ತವರು ಎನ್.ಆರ್.ಪುರ. ಅಣ್ಣನ ಮಗನ ಉಪನಯನಕ್ಕೆ ಹೋದಾಗ, ಬಡಿಸುತ್ತಿದ್ದ ನನ್ನ ಸೀರೆ ಹಿಂದೆ ಒದ್ದೆಯಾಯಿತು. ಅಮ್ಮ ನೋಡಿದಳು, ಕೈಯಲ್ಲಿದ್ದ ಪಾಯಸದ ಪಾತ್ರೆ ಕಿತ್ತುಕೊಂಡು ಒಳಗೆ ಎಳೆದುಕೊಂಡು ಹೋದಳು. ಬಯ್ಯುತ್ತಾಳೆ ಎಂದುಕೊಂಡೆ. ಬಾಗಿಲು ಹಾಕಿ, "ಎಷ್ಟು ದಿನದಿಂದ?" ಎಂದಳು. ನಾನು ಹೇಳಿದೆ. ಅಮ್ಮ ನನ್ನ ಸೀರೆ ಬದಲಿಸಿ ಕರೆದುಕೊಂಡು ಹೊರಟಳು.

ಪೇಟೆಯ ಆಚೆ ಕೇರಳದಿಂದ ಬಂದ ಕ್ರೈಸ್ತ ಸಿಸ್ಟರುಗಳು ನಡೆಸುತ್ತಿದ್ದ ಚಿಕ್ಕ ದವಾಖಾನೆ ಇತ್ತು. ಅಲ್ಲಿ ಪರದೆಯ ಹಿಂದೆ ಮಲಗಿಸಿ ವಯಸ್ಸಾದ ಸಿಸ್ಟರ್ ಒಬ್ಬರು ನೋಡಿದರು. ನನ್ನ ಮೈಯನ್ನು ಹಾಗೆ ಹೆದರದೆ, ಹೇಸದೆ ಮುಟ್ಟಿದ ಮೊದಲ ಮನುಷ್ಯರು ಅವರು. ಕೈ ತೊಳೆದುಕೊಂಡು ಬಂದು ಅಮ್ಮನ ಪಕ್ಕ ಬೆಂಚಿನ ಮೇಲೆ ಕೂತರು. "ಅಮ್ಮಾ, ಇದು ಮದ್ದಿಗೆ ಹೋಗೋದಲ್ಲ. ಘಟ್ಟದ ಕೆಳಗೆ ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋಗಿ. ಮುಂದಿನ ತಿಂಗಳು ಅಲ್ಲ, ಈ ವಾರ" ಎಂದರು. ಅಮ್ಮ "ಜೀವಕ್ಕೆ ಏನಾದರೂ?" ಎಂದು ಕೇಳಿದಾಗ ಸಿಸ್ಟರ್ ನನ್ನ ತಲೆ ಸವರಿದರು.

ಜೊತೆಗೆ ಯಾರು ಎಂದು ಮನೆಯಲ್ಲಿ ಮಾತು ಬಂದಾಗ ಗಿರಿಜಕ್ಕ ತಾನೇ ಮುಂದೆ ಬಂದಳು. "ಗಂಡಸರು ಅಲ್ಲಿ ಹೋಗಿ ಎಂತ ಮಾಡ್ತಾರೆ? ಹೆಂಗಸರ ವಾರ್ಡಿಗೆ ಬಿಡೋದೂ ಇಲ್ಲ. ನಾನೇ ಹೋಗ್ತೀನಿ." ಅಡುಗೆಮನೆ ಬಿಟ್ಟು ಅವಳು ಹಾಗೆ ಹೊರಟದ್ದು ನನಗೆ ಆಶ್ಚರ್ಯವಾಗಿತ್ತು. ಅವಳ ಮಗಳು ಶೈಲನನ್ನೂ ನನ್ನ ಮಗನನ್ನೂ ನನ್ನ ತವರಿಗೆ ಕಳಿಸಿದೆವು. ಊಟಕ್ಕೆ ಬರುವವರಿಗೆ ಹೋಟೆಲ್ ನೋಡಿಕೊಳ್ಳಿ ಎಂದು ಹೇಳಿಯಾಯಿತು.

ಆಗುಂಬೆ ಬಸ್ಸು ಬೇಗಾರಿನಲ್ಲಿ ನಿಂತಿತು. ಅದು ಗಿರಿಜಕ್ಕನ ತವರು. ಅವಳು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಬಸ್ಸು ಹೊರಡುವ ತನಕ ನೋಡುತ್ತಲೇ ಇದ್ದಳು. "ಇಳಿದು ಅಮ್ಮನ್ನ ನೋಡ್ಕೊಂಡು ಬರ್ಬೇಕು ಅನ್ನಿಸ್ತದೆ ಕಣೆ" ಎಂದಳು. "ಬರುವಾಗ ಇಳಿಯೋಣ ಅಕ್ಕ" ಎಂದೆ. ಆಗುಂಬೆಯಲ್ಲಿ ಚಿಕ್ಕ ಬಸ್ಸಿಗೆ ಹತ್ತಿ ಘಾಟಿ ಇಳಿದೆವು. ತಿರುವು ತಿರುವಿಗೂ ನಾನು ಅವಳ ತೋಳು ಹಿಡಿದುಕೊಂಡಿದ್ದೆ.

ಆಸ್ಪತ್ರೆಯ ಆ ಕಾಯುವ ಜಾಗ ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಉದ್ದಕ್ಕೆ ಮರದ ಬೆಂಚುಗಳು, ಅದರ ತುಂಬ ಹೆಂಗಸರು. ಒಬ್ಬರೂ ಇನ್ನೊಬ್ಬರ ಮುಖ ನೋಡುವುದಿಲ್ಲ. ಎಲ್ಲರೂ ಕಾಲ ಬುಡದ ನೆಲ ನೋಡುವವರೇ. ಎಲ್ಲರಿಗೂ ನನ್ನ ಹಾಗೆಯೇ ವಾಸನೆಯ ಹೆದರಿಕೆ, ಸೆರಗನ್ನು ಎರಡೆರಡು ಸುತ್ತು ಬಿಗಿದುಕೊಂಡು ಕೂತಿದ್ದರು. ಲೋಕದಲ್ಲಿ ನನಗೊಬ್ಬಳಿಗೇ ಈ ಶಾಪ ಎಂದುಕೊಂಡಿದ್ದವಳು ಅಲ್ಲಿ ಮೊದಲ ಸಲ ತಲೆಯೆತ್ತಿ ನೋಡಿದೆ. ಇಷ್ಟು ಜನ ನಾಗನಿಗೆ ಮೈಲಿಗೆ ಮಾಡಿದರಾ ಎಂದು ಅನ್ನಿಸಿತು.

ಒಳಗೆ ಡಾಕ್ಟರಮ್ಮ, ಚಿಕ್ಕ ವಯಸ್ಸು, ಕರಾವಳಿಯ ಮಾತು. "ಎಂತ ಆಗ್ತದೆ ನಿಮಗೆ?" ಎಂದು ಕೇಳಿದರು. ನಾನು ನೆಲ ನೋಡಿಕೊಂಡು ಕೂತೆ. ಗಿರಿಜಕ್ಕನೇ ಉತ್ತರ ಕೊಡಲು ಶುರು ಮಾಡಿದಳು.

"ಮುಟ್ಟಲ್ಲದ ದಿನವೂ ರಕ್ತ ಹೋಗ್ತದಾ?"

"ಹೋಗ್ತದೆ."

"ಬಿಳಿ?"

"ಅದೂ ಹೋಗ್ತದೆ. ಅಕ್ಕಿ ತೊಳೆದ ನೀರಿನ ಹಾಗೆ."

"ನೋವು ಉಂಟಾ?"

"ಸೊಂಟ ನೋವು. ಸಾಯಂಕಾಲ ಜಾಸ್ತಿ. ಎಡಗಾಲಲ್ಲಿ ತೊಡೆಯಿಂದ ಕೆಳಗೆ ಇಳೀತದೆ, ಕಾಲು ಊರೋಕೆ ಆಗೋದಿಲ್ಲ."

ನನಗೆ ಕಾಲು ನೋವು ಇರಲಿಲ್ಲ. ತಿರುಗಿ ಅವಳ ಮುಖ ನೋಡಿದೆ. ಅವಳು ಡಾಕ್ಟರಮ್ಮನನ್ನೇ ನೋಡುತ್ತಿದ್ದಳು. ಗಾಬರಿಯಲ್ಲಿ ಇದ್ದದ್ದಕ್ಕೆ ಇಲ್ಲದ್ದು ಸೇರಿಸಿ ಹೇಳುತ್ತಿದ್ದಾಳೆ, ಹೇಳಲಿ ಬಿಡು, ಚೆನ್ನಾಗಿ ನೋಡುತ್ತಾರೆ ಎಂದುಕೊಂಡು ಸುಮ್ಮನಾದೆ.

ಡಾಕ್ಟರಮ್ಮ ಪರೀಕ್ಷೆ ಮಾಡಿದರು, ಒಂದು ಚೂರು ಮಾಂಸ ತೆಗೆದು ಕಳಿಸಿದರು. ಕೆಲವು ದಿನ ಕಳೆದು ಮತ್ತೆ ಕರೆದರು. ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಅವರು ಹೇಳಿದ್ದೆಲ್ಲ ದೂರದಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸಿತು. ಮಗನ ಮುಖ ಕಣ್ಣ ಮುಂದೆ ಬಂತು, ಅಷ್ಟೆ. ಅವರು ನನ್ನ ಮೊಣಕಾಲು ತಟ್ಟಿ, "ಅಳಬೇಡಿ. ನಿಮ್ಮದು ಇನ್ನೂ ಹೊರಗೆ ಹರಡಲಿಲ್ಲ. ಕಾಲಿಗೆ ನೋವು ಇಳೀತದೆ ಅಂದರಲ್ಲ, ಅದಕ್ಕೆ ನಾನು ಹೆದರಿದ್ದೆ. ಹಾಗೆ ನೋವು ಬಂದ ಮೇಲೆ ನಮ್ಮ ಕೈಯಲ್ಲಿ ಹೆಚ್ಚೇನೂ ಇರೋದಿಲ್ಲ. ನಿಮಗೆ ಗುಣ ಆಗ್ತದೆ" ಎಂದರು. ನಾನು ಅತ್ತದ್ದು ಸಮಾಧಾನಕ್ಕೆ. ಗಿರಿಜಕ್ಕ ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದಳು. "ದೇವರು ದೊಡ್ಡವನು ಕಣೆ, ದೊಡ್ಡವನು" ಎಂದು ನನ್ನ ಕಣ್ಣು ಒರೆಸಿದಳು.

ರೇಡಿಯೇಶನ್ ಚಿಕಿತ್ಸೆಗೆ ಕರೆಂಟು ಕೊಡುವುದು ಎಂದು ಅಲ್ಲಿ ಎಲ್ಲರೂ ಹೇಳುತ್ತಿದ್ದರು. ಹೊಟ್ಟೆಯ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದು, ಇದು ಅಳಿಸಬಾರದು, ಅಲ್ಲಿಗೆ ನೀರು ಹಾಕಬಾರದು ಎಂದರು. ನಿತ್ಯ ತಲೆಗೆ ಹಾಕಿಕೊಂಡೇ ಒಲೆ ಮುಟ್ಟಿದವಳು ನಾನು. ದಿನಗಟ್ಟಲೆ ಸ್ನಾನವಿಲ್ಲದೆ, ಒದ್ದೆ ಬಟ್ಟೆಯಲ್ಲಿ ಕೈಕಾಲು ಒರೆಸಿಕೊಂಡು ಇರಬೇಕಾಯಿತು. ದಪ್ಪ ಬಾಗಿಲಿನ ಕೋಣೆಯಲ್ಲಿ ಒಬ್ಬಳನ್ನೇ ಮಲಗಿಸಿ ಎಲ್ಲರೂ ಹೊರಗೆ ಹೋಗುವರು. ಯಂತ್ರ ಗುಂಯ್ ಎನ್ನುವುದು. ನೋವಿಲ್ಲ. ಆದರೆ ಮುಂದೆ ಮುಂದೆ ಹೊಟ್ಟೆ ತೊಳೆಸಿ, ಭೇದಿಯಾಗಿ, ಚರ್ಮ ಸುಟ್ಟು, ಗೋಡೆ ಹಿಡಿದು ನಡೆಯುವ ಹಾಗಾಯಿತು.

ಪಕ್ಕದ ಮಂಚದಲ್ಲಿ ಜೈನಾಬಿ ಇದ್ದರು. ಅವರೂ ಎನ್.ಆರ್.ಪುರದವರೇ, ಗಂಡನದು ಜವಳಿ ಅಂಗಡಿ. ನಾನು ಒರಟು ಬಟ್ಟೆ ಉಪಯೋಗಿಸಿ ಸುಟ್ಟ ಚರ್ಮ ಕಿತ್ತು ಅಳುತ್ತಿದ್ದಾಗ, ತಮ್ಮ ಹಳೆಯ ಮಲ್‌ಬಟ್ಟೆಯ ದುಪ್ಪಟ ಹರಿದು ಮಡಚಿ ನನ್ನ ದಿಂಬಿನ ಕೆಳಗೆ ಇಟ್ಟರು. "ನಾಚ್ಕೆ ಎಂತಕ್ಕೆ ಅಕ್ಕ? ಇಲ್ಲಿ ಎಲ್ಲರದ್ದೂ ಒಂದೇ" ಎಂದರು. ಒಂದು ತುಂಡು ಮೆತ್ತನೆ ಬಟ್ಟೆಗೆ ಅಷ್ಟು ಅಳಬಹುದು ಎಂದು ನನಗೆ ಗೊತ್ತಿರಲಿಲ್ಲ. ಗಿರಿಜಕ್ಕನಿಗೂ ಎರಡು ತುಂಡು ಕೊಟ್ಟರು. ಅವಳಿಗೆ ಯಾಕೆ ಎಂದು ನಾನು ಯೋಚಿಸಲಿಲ್ಲ. ಜೈನಾಬಿ ಆಗಲೇ ಗೊತ್ತು ಮಾಡಿಕೊಂಡಿದ್ದರೋ ಏನೋ.

ಕೊನೆಗೆ ಒಳಗಿನಿಂದ ಕೊಡುವ ಚಿಕಿತ್ಸೆ. ಗರ್ಭಕೋಶದ ಬಾಯಿಗೆ ಏನೋ ಕೊಳವೆ ಇಟ್ಟು, ಅಲುಗಾಡದ ಹಾಗೆ ಮಲಗಿಸಿದರು. ಅದು ಮೈಯೊಳಗೆ ಇರುವ ತನಕ ಯಾರೂ ಹತ್ತಿರ ಬರಬಾರದು. ಆಯಾ ತಟ್ಟೆ ದೂಡಿ ಓಡುವಳು. ನರ್ಸಮ್ಮ ಸೀಸದ ತಡಿಕೆಯ ಆಚೆಯಿಂದ ಮಾತಾಡಿಸುವರು. ಮಧ್ಯಾಹ್ನದ ಹೊತ್ತಿಗೆ ಗಿರಿಜಕ್ಕ ಬಂದು ಬಾಗಿಲಲ್ಲೇ ನಿಂತಳು.

"ನೋಡಿದ್ಯಾ ಅಕ್ಕ, ಇಲ್ಲೂ ನನ್ನನ್ನ ಹೊರಗೇ ಕೂರಿಸಿದ್ರು" ಎಂದೆ.

ಅವಳು ನಕ್ಕಳು. ಸೆರಗು ಬಾಯಿಗಿಟ್ಟು ಬಿದ್ದು ಬಿದ್ದು ನಕ್ಕಳು. ನಗುತ್ತಿದ್ದವಳು ಅಳುತ್ತಿದ್ದಾಳೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಸುಮಿ, ನಂಗೂ ಆಗ್ತಿದೆ ಕಣೆ."

"ಎಂತದು ಅಕ್ಕ?"

"ನಿಂಗೆ ಆದದ್ದೇ. ನಿಂಗಿಂತ ಮೊದ್ಲಿಂದಾನೇ ಇರ್ಬೇಕು. ಆವತ್ತು ಡಾಕ್ಟ್ರಿಗೆ ಹೇಳಿದ್ನಲ್ಲ, ಕಾಲು ನೋವು. ಅದು ನಂದು. ನಿನ್ನ ಹೆಸರಲ್ಲಿ ಹೇಳಿದ್ರೆ ನಂಗೂ ಎಂತ ಅಂತ ಗೊತ್ತಾಗ್ತದೆ ಅಂದ್ಕೊಂಡೆ."

ಏಳಲು ಬರುವುದಿಲ್ಲ, ಅವಳು ಹತ್ತಿರ ಬರುವ ಹಾಗಿಲ್ಲ. "ಯಾಕೆ ಹೇಳ್ಲಿಲ್ಲ ಅಕ್ಕ? ನನ್ನ ಹತ್ರ ಯಾಕೆ ಹೇಳ್ಲಿಲ್ಲ?" ಎಂದು ಕೂಗಿದೆ.

"ನೀನು ಹೊರಗೆ ಕೂತಿದ್ದೆಯಲ್ಲೇ. ಇಬ್ರೂ ಹೊರಗೆ ಕೂತ್ರೆ ಒಳಗೆ ಮಾಡೋರು ಯಾರು? ನೀನು ಒಳಗೆ ಬಂದ ಮೇಲೆ ಹೇಳೋಣ ಅಂತ ಕಾದೆ. ನಿಂದು ಮುಗೀಲೇ ಇಲ್ಲ ಮಾರಾಯ್ತಿ."

ನಾನು ನರ್ಸಮ್ಮನನ್ನು ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಗಿರಿಜಕ್ಕ ಬಾಗಿಲಿನಿಂದಲೇ "ಬೇಡ ಕಣೆ, ಮೊದ್ಲು ನಿಂದು ಪೂರ್ತಿ ಆಗ್ಲಿ" ಎಂದು ಕೈ ಮುಗಿಯುತ್ತಿದ್ದಳು.

ಡಾಕ್ಟರಮ್ಮ ಅವಳನ್ನು ಪರೀಕ್ಷೆ ಮಾಡಿ ಬಂದು ನನ್ನ ತಡಿಕೆಯ ಆಚೆ ನಿಂತರು. "ಆವತ್ತು ನನ್ನ ಎದುರೇ ನಿಂತಿದ್ದರಲ್ಲ ಅವರು" ಎಂದರು. ಕಾಯಿಲೆ ಸೊಂಟದ ಮೂಳೆಯ ತನಕ ಹಬ್ಬಿತ್ತು, ಎಡಗಡೆಯ ಕಿಡ್ನಿ ಕೆಟ್ಟಿತ್ತು. ರಕ್ತ ಕಡಿಮೆಯಾಗಲಿ ಎಂದು ಸ್ವಲ್ಪ ದಿನ ಕರೆಂಟು ಕೊಡುತ್ತೇವೆ, ಅದಕ್ಕಿಂತ ಹೆಚ್ಚು ಏನೂ ಇಲ್ಲ ಎಂದರು. ನನ್ನ ಕೊಳವೆ ತೆಗೆದ ಮೇಲೆ ನಾನೇ ಸುದ್ದಿಯನ್ನು ಊರಿಗೆ ಟ್ರಂಕ್ ಕಾಲ್ ಮಾಡಿ ತಿಳಿಸಬೇಕಾಯಿತು. ಆ ಕಡೆಯಿಂದ ಭಾವ "ಹಲೋ, ಹಲೋ" ಎನ್ನುತ್ತಲೇ ಇದ್ದರು. ನಾನು ಎರಡು ಸಲ ಹೇಳಿದೆ. ಅವರಿಗೆ ಕೇಳಿಸಿತೋ, ಕೇಳಿಸಿಯೂ ನಂಬಲಿಲ್ಲವೋ, ಲೈನು ಹೋಯಿತು.

ಇಲ್ಲಿ ಒಂದು ಮಾತು ಮಧ್ಯೆ ಹೇಳಬೇಕು. ಗಿರಿಜಕ್ಕನ ಮಗಳು ಶೈಲ ಈಗ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಈಚೆಗೆ ಒಂದು ದಿನ ಬೀನ್ಸ್ ನಾರು ತೆಗೆಯುತ್ತ ಕೂತಿದ್ದಾಗ, "ಚಿಕ್ಕಮ್ಮ, ನಿಮ್ಮಿಬ್ಬರಿಗೂ ಅದು ಬಂದದ್ದು ಯಾಕೆ ಅಂತ ಗೊತ್ತಾ?" ಎಂದಳು.

"ಮೈಲಿಗೆಯಿಂದ" ಎಂದೆ. ನಾಲ್ಕು ದಶಕ ಅದನ್ನೇ ಹೊತ್ತುಕೊಂಡಿದ್ದೆ, ಬೇರೆ ಏನು ಹೇಳಲಿ?

ಶೈಲ ನಗಲಿಲ್ಲ. "ಅದೊಂದು ವೈರಸ್ಸು ಚಿಕ್ಕಮ್ಮ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಕಾವಲಿನವರು ಇರ್ತಾರೆ ಅಂದ್ಕೊ. ಒಬ್ಬ, ಕೋಶ ಸುಮ್ಮಸುಮ್ಮನೆ ಒಡೆದು ಎರಡಾಗದ ಹಾಗೆ ತಡೆಯೋನು. ಇನ್ನೊಬ್ಬ, ಏನಾದ್ರೂ ಕೆಟ್ಟಿದ್ರೆ ನಿಲ್ಲು ಅನ್ನೋನು. ಸರಿಯಾಗದಿದ್ರೆ ಅವನೇ ಆ ಕೋಶಾನ ಮುಗಿಸಿಬಿಡ್ತಾನೆ. ಈ ವೈರಸ್ಸು ಒಳಗೆ ಹೊಕ್ಕು ಎರಡು ಪ್ರೋಟೀನ್ ಮಾಡ್ತದೆ. ಒಂದು ಹೋಗಿ ಮೊದಲನೆಯವನ ಕೈಕಾಲು ಹಿಡ್ಕೊಳ್ತದೆ. ಇನ್ನೊಂದು ಎರಡನೆಯವನಿಗೆ ಕಸ ಅಂತ ಗುರುತು ಹಾಕಿಸ್ತದೆ. ಆಮೇಲೆ ಕೋಶದೊಳಗಿನ ಕಸ ತೆಗೆಯೋರೇ ಅವನನ್ನ ಮುಗಿಸ್ತಾರೆ. ವೈರಸ್ಸು ಕೊಲ್ಲೋದೂ ಬೇಡ. ಕಾವಲಿಲ್ಲದ ಕೋಶ ಹೆಚ್ಚುತ್ತಾ ಹೋಗ್ತದೆ. ವರ್ಷಗಟ್ಟಲೆ, ನಿಧಾನಕ್ಕೆ."

"ಮನೆಯವರೇ ಕಾವಲಿನವಳನ್ನ ಸೌದೆ ಕೋಣೆಗೆ ಹಾಕೋದು ಅನ್ನು" ಎಂದೆ.

ಆ ವೈರಸ್ಸು ಎಲ್ಲಿಂದ ಬರುವುದು ಎಂದು ಕೇಳಿದಾಗ ಅವಳು ಬೀನ್ಸ್ ನೋಡಿಕೊಂಡು ಹೇಳಿದಳು, ಗಂಡಹೆಂಡತಿ ಸೇರುವುದರಿಂದ ಎಂದು. ಬಹಳ ಜನರಿಗೆ ಬರುತ್ತದಂತೆ, ಬಂದದ್ದೇ ತಿಳಿಯದೆ ಹೋಗುತ್ತದಂತೆ. ಕೆಲವರಲ್ಲಿ ಮಾತ್ರ ಉಳಿದುಬಿಡುತ್ತದಂತೆ. "ಯಾರ ತಪ್ಪು ಅಂತ ಹುಡು‌ಕೋ ಕಾಯಿಲೆ ಅಲ್ಲ ಚಿಕ್ಕಮ್ಮ" ಎಂದಳು. ನಮ್ಮನೆಯವರು ಫೋಟೋದಲ್ಲಿ ಹಾರ ಹಾಕಿಕೊಂಡು ಕೂತಿದ್ದಾರೆ, ಜಗಳ ಆಡೋಣ ಎಂದರೂ ಉತ್ತರ ಕೊಡುವವರಿಲ್ಲ. ನನಗೆ ಆ ಹೊತ್ತು ಬಂದದ್ದು ಸಿಟ್ಟಲ್ಲ. ನಾನೂ ಗಿರಿಜಕ್ಕನೂ ಏನೂ ಪಾಪ ಮಾಡಿರಲಿಲ್ಲ ಎಂಬ ಸುದ್ದಿ ಅವಳಿಗೆ ತಿಳಿಯದೆ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ವರ್ಷಗಟ್ಟಲೆ ನಿಧಾನಕ್ಕೆ ಹೋಗುವ ಕಾಯಿಲೆ ಎಂದರೆ ಅವಳಿಗೆ ಎಷ್ಟು ಸಮಯ ಇತ್ತು! ಈಗ ಪರೀಕ್ಷೆ ಇದೆಯಂತೆ, ಹುಡುಗಿಯರಿಗೆ ಚುಚ್ಚುಮದ್ದು ಇದೆಯಂತೆ. ಓದುವವರು ಹೆಂಗಸರಾದರೆ ನಾಚಿಕೆ ಬಿಟ್ಟು ಹೋಗಿ ತೋರಿಸಿಕೊಳ್ಳಿ ಎಂದು ಬೇಡಿಕೊಳ್ಳುತ್ತೇನೆ.

ನಾವಿಬ್ಬರೂ ಕೊಪ್ಪಕ್ಕೆ ವಾಪಸು ಬಂದದ್ದು ಬಾಡಿಗೆ ಕಾರಿನಲ್ಲಿ. ಬೇಗಾರಿನಲ್ಲಿ ಅವಳ ಅಮ್ಮ ರಸ್ತೆಗೆ ಬಂದು ನಿಂತಿದ್ದರು. ಗಿರಿಜಕ್ಕನಿಗೆ ಇಳಿಯಲು ಆಗಲಿಲ್ಲ. ಕಿಟಕಿಯಲ್ಲೇ ಮುಖ ಮುಟ್ಟಿ ಮುಟ್ಟಿ ಕಳಿಸಿದರು.

ಮನೆಯಲ್ಲಿ ಭಾವ ನಡುಮನೆಯಲ್ಲಿ ಮಂಚ ಹಾಕಿ, ಹೊಸ ಹಾಸಿಗೆ ಹಾಸಿ ಇಟ್ಟಿದ್ದರು. ಅವಳ ರಕ್ತ ಪೂರ್ತಿ ನಿಂತಿರಲಿಲ್ಲ. ಸೌದೆ ಕೋಣೆಯ ಮಾತನ್ನು ಯಾರೂ ಎತ್ತಲಿಲ್ಲ. ಅದನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡಬಹುದಿತ್ತು ಎಂದು ನೋಡಿ ನನಗೆ ಅಳುವೂ ಬರಲಿಲ್ಲ. ಭಾವ ಗಿರಣಿಗೆ ರಜೆ ಹಾಕಿ ಮಂಚದ ಕಾಲ ಬಳಿ ಕೂತಿರುತ್ತಿದ್ದರು. ಹೆಚ್ಚು ಮಾತಿಲ್ಲದ ಮನುಷ್ಯ, ಕಾಲು ಒತ್ತುವರು, ಏಳುವರು, ಮತ್ತೆ ಬಂದು ಕೂರುವರು.

ನಾವು ಬಂದ ಮರುದಿನ ಬೆಳಿಗ್ಗೆ ನಾನು ಅಡುಗೆಗೆಂದು ಎದ್ದೆ. ಒಲೆಯ ಮುಂದೆ ಬಗ್ಗಿದ್ದೇ ಕಣ್ಣು ಕತ್ತಲೆ ಬಂದು ಹೊಸ್ತಿಲಲ್ಲಿ ಕುಸಿದೆ. ಸ್ನಾನ ಮಾಡಿ ಬಂದ ಭಾವ ನೋಡಿದರು. "ನೀನು ಹೋಗಿ ಅವಳ ಹತ್ರ ಕೂತ್ಕೊ ಸುಮಿತ್ರಾ" ಎಂದವರೇ ಪಂಚೆ ಎತ್ತಿ ಕಟ್ಟಿ, ಹೊಸ್ತಿಲು ದಾಟಿ ಒಳಗೆ ಹೋದರು. ನಾನು ತಡೆಯಲೂ ಆಗದೆ ಗೋಡೆ ಹಿಡಿದು ನಡುಮನೆಗೆ ಬಂದೆ.

ಒಳಗೆ ಅಕ್ಕಿ ತೊಳೆಯುವ ಸದ್ದು, ಪಾತ್ರೆಗೆ ಸೌಟು ತಾಗುವ ಸದ್ದು. ಗಿರಿಜಕ್ಕ ಕಣ್ಣು ತೆರೆದಳು.

"ಯಾರೇ ಒಳಗೆ? ನೀನು ಇಲ್ಲಿದೀಯಲ್ಲ?"

"ಭಾವ."

"ಎಂತ ಮಾಡ್ತಿದಾರೆ?"

"ಅನ್ನ ಬಸೀತಿದಾರೆ."

ಅವಳು ತಲೆ ಸ್ವಲ್ಪ ಎತ್ತಿ ಆಲಿಸಿದಳು. ಒಗ್ಗರಣೆಯ ಸದ್ದು ಬಂತು, ಸಾಸಿವೆ ಸಿಡಿಯುವುದು ನಿಂತ ಮೇಲೆ ಇಂಗಿನ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಭಾವ ತಟ್ಟೆ ಹಿಡಿದು ಬಂದರು. ಮೆತ್ತಗೆ ಕಿವುಚಿದ ಅನ್ನ, ತಿಳಿಸಾರು, ಮೇಲೆ ತುಪ್ಪ. ಮಂಚದ ಅಂಚಿಗೆ ಕೂತು ಒಂದು ತುತ್ತು ಅವಳ ಬಾಯಿಗಿಟ್ಟರು. ಹದಿನೇಳು ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವಳು ನುಂಗಿದಳು. "ಸಾರು ಯಾರು ಮಾಡಿದ್ದು?"

"ನಾನೇ."

"ನಿಮಗೆ ಬರ್ತಿತ್ತಾ?"

"ಚಿಕ್ಕವನಿದ್ದಾಗ ಅಮ್ಮನ ಜೊತೆ ಅವರಿವರ ಮನೆಗೆ ಹೋಗ್ತಿದ್ನಲ್ಲ. ಅಮ್ಮನ ಕೈ ಸುಟ್ಟಾಗ ಒಂದಿಡೀ ಮದುವೆಮನೆ ಸಾರು ನಾನೇ ಇಳಿಸಿದ್ದೆ. ಎಲ್ಲಾ ಬರ್ತದೆ." ಅವರು ಇನ್ನೊಂದು ತುತ್ತು ಕಲಸುತ್ತ ಹೇಳಿದರು. "ನೀವಿಬ್ರೂ ಆಸ್ಪತ್ರೇಲಿದ್ದಾಗ ಇಷ್ಟೂ ದಿನ ನಾನೇ ಮಾಡಿದ್ದು. ಮೇಷ್ಟ್ರುಗಳು ಹೋಟೆಲ್ ಊಟ ಆಗೋದಿಲ್ಲ ಅಂತ ವಾಪಸು ಬಂದ್ರು. ಅವರಿಗೂ ಹಾಕಿದೆ."

ಗಿರಿಜಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. "ಮೊದ್ಲು ಯಾವತ್ತೂ ಮಾಡ್ಲಿಲ್ಲ ನೀವು."

"ಯಾರೂ ಕೇಳ್ಲಿಲ್ವಲ್ಲ" ಎಂದರು ಭಾವ. ಅದರಲ್ಲಿ ಕೊಂಕು ಇರಲಿಲ್ಲ. ಅವರಿಗೆ ಏನೂ ಗೊತ್ತಿರಲಿಲ್ಲ ಪಾಪ, ನಮ್ಮ ಪಾಳಿಯ ಲೆಕ್ಕ ಅವರಿಗೆ ಯಾರು ಹೇಳಿದ್ದರು? ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಗಿರಿಜಕ್ಕ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡಳು. ಭಾವ ಖಾಲಿ ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಅವಳು ನನ್ನ ಕಡೆ ತಿರುಗಿ, ನನ್ನ ಕೈ ಹುಡುಕಿ ಹಿಡಿದುಕೊಂಡು, ಬಹಳ ಮೆತ್ತಗೆ ಹೇಳಿದಳು.

"ಕೇಳಬಹುದಿತ್ತಲ್ಲೇ ಸುಮಿ."